ಸಿಗದ ಸಾಮಾನು, ಸಿಗದಂತೆ ಮಾಡಿದವರು

ಪತ್ರಿಕೆಗಳ ಭಾನುವಾರದ ಪುಟಗಳಲ್ಲಿ ಅಡುಗೆಗೊಂದು ಅಂಕಣ ಇರುತ್ತದೆ. ಓದುಗರು ಪ್ರಶ್ನೆ ಕೇಳುತ್ತಾರೆ, ಬಲ್ಲವರು ಉತ್ತರ ಕೊಡುತ್ತಾರೆ. ಬಾದಾಮಿ ಸಿಗದಿದ್ದರೆ ಗೋಡಂಬಿ ಹಾಕಬಹುದೇ? ಕೇಸರಿ ದುಬಾರಿಯಾದರೆ ಏನು ಮಾಡುವುದು? ಹೋಳಿಗೆಯ ಕಣಕ ಹರಿಯದಂತೆ ಏನುಪಾಯ? ಕೇಳಲಿ, ತಪ್ಪೇನಿಲ್ಲ. ಒಲೆ ಮುಂದೆ ಕೂತವರಿಗೆಲ್ಲ ಪ್ರಶ್ನೆಗಳಿರುತ್ತವೆ. ನಮ್ಮ ತಕರಾರು ಇಷ್ಟೆ: ಆ ಪುಟ ತನ್ನನ್ನು ಕನ್ನಡಿಗರ ಅಡುಗೆ ಎಂದು ಕರೆದುಕೊಳ್ಳುತ್ತದೆ, ಆದರೆ ಅದರೊಳಗೆ ನಮ್ಮ ಕೇರಿಯ ಒಂದು ಒಲೆಯೂ ಉರಿಯುವುದಿಲ್ಲ.

ಕೇರಿಯ ಹೆಂಗಸರಿಗೂ ಪ್ರಶ್ನೆಗಳಿವೆ. ‘ಹೊಲಕ್ಕೆಲ್ಲ ಔಸ್ದಿ ಹೊಡುದ್ರು, ಇನ್ನೆಲ್ಲಿ ಸೊಪ್ಪು ಕೀಳದವ್ವ?’ ‘ದನದ ಬಾಡು ನಿಂತೋಯ್ತು, ಕುರಿ ಬಾಡು ಮುಟ್ಟಕ್ಕಾಗಲ್ಲ, ಐದು ಜನಕ್ಕೆ ಏನ್ ಬೇಯ್ಸದು?’ ‘ಪಟ್ಟಣದಲ್ಲಿ ಬಾಡಿಗೆ ಮನೆಯವ್ರು ವಾಸ್ನೆ ಅಂತಾರೆ, ಒಣಮೀನು ಎಲ್ ಹುರಿಯದು?’ ಇವಕ್ಕೆ ಬದಲಿ ಸಾಮಾನು ಹೇಳಿ ಕೈ ತೊಳೆದುಕೊಳ್ಳಲು ಬರುವುದಿಲ್ಲ. ಉತ್ತರ ಬೇಕಾದರೆ ಹೊಲದ ಒಡೆಯನನ್ನು ಕೇಳಬೇಕು, ವಿಧಾನಸಭೆಯನ್ನು ಕೇಳಬೇಕು, ಮನೆ ಮಾಲೀಕನನ್ನು ಕೇಳಬೇಕು. ನಮ್ಮ ಅಡುಗೆಯಲ್ಲಿ ಸಿಗದ ಸಾಮಾನು ಎಂಬುದು ಬಹುಪಾಲು ಸಿಗದಂತೆ ಮಾಡಿದ ಸಾಮಾನು. ಅದನ್ನು ಒಂದೊಂದಾಗಿ ಬಿಡಿಸಿ ನೋಡೋಣ.

ಮೊದಲು ಸೊಪ್ಪು. ಮುಂಗಾರಿನ ಎರಡು ಮಳೆ ಬಿದ್ದರೆ ಹೊಲದ ಬದುವಿನಲ್ಲಿ, ಕೆರೆ ಏರಿಯಲ್ಲಿ ಸೊಪ್ಪೇ ಸೊಪ್ಪು. ಅಣ್ಣೆ, ಗೋಣಿ, ಕಿರಕಸಾಲೆ, ಹೊನಗೊನೆ, ಗಣಿಕೆ, ತಗಚೆ, ಕೊಮ್ಮೆ. ಯಾರೂ ಬಿತ್ತಿದ್ದಲ್ಲ, ಯಾರೂ ನೀರು ಕಟ್ಟಿದ್ದಲ್ಲ. ಎಲ್ಲವನ್ನೂ ಮಡಿಲಿಗೆ ಹಾಕಿಕೊಂಡು ಬಂದರೆ ಅದೇ ಬೆರಕೆ ಸೊಪ್ಪು. ಕಹಿ ಸೊಪ್ಪು ಎಷ್ಟಿರಬೇಕು, ಹುಳಿ ಸೊಪ್ಪು ಎಷ್ಟಿರಬೇಕು, ಯಾವುದು ಎಳೆಯದಿದ್ದಾಗ ಮಾತ್ರ ತಿನ್ನತಕ್ಕದ್ದು ಎಂಬುದು ಶಾಲೆಯ ಮೆಟ್ಟಿಲು ಹತ್ತದ ನಮ್ಮ ಅವ್ವಂದಿರಿಗೆ ಬಾಯಿಪಾಠ. ಹುರುಳಿಯ ಜೊತೆಗೋ ಬೇಳೆಯ ಜೊತೆಗೋ ಬೇಯಿಸಿ ಕಟ್ಟು ಬಸಿಯುತ್ತಾರೆ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆಹಣ್ಣು ಅರೆದು ಆ ಕಟ್ಟಿಗೆ ಬಿಟ್ಟರೆ ಬಸ್ಸಾರು. ಉಳಿದ ಸೊಪ್ಪಿಗೆ ಈರುಳ್ಳಿ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಮಡಕೆಯಲ್ಲಿ ಎರಡು ಅಡುಗೆ. ಎಣ್ಣೆಗೆ ಕಾಸಿಲ್ಲದ ದಿನ ಬರೀ ಉಪ್ಸಾರು; ಖಾರ ಬೇರೆ ಅರೆದು ಮುದ್ದೆಯ ಪಕ್ಕ ಇಟ್ಟುಕೊಂಡರೆ ಆಯಿತು.

ಈ ಸೊಪ್ಪು ಎಲ್ಲಿ ಹೋಯಿತು? ಹೊಲದ ಒಡೆಯನ ಲೆಕ್ಕದಲ್ಲಿ ಅದು ಕಳೆ. ನಮ್ಮ ಲೆಕ್ಕದಲ್ಲಿ ಸಾರು. ಮೊದಲು ಕಳೆ ಕೀಳಲು ಹೆಂಗಸರನ್ನು ಕರೆಯುತ್ತಿದ್ದರು. ಸಂಜೆ ಕೈಗೆ ಕೂಲಿ, ಮಡಿಲಿಗೆ ಸೊಪ್ಪು ಬರುತ್ತಿತ್ತು. ಈಗ ಒಬ್ಬ ಗಂಡಾಳು ಬೆನ್ನಿಗೆ ಪಂಪು ಕಟ್ಟಿಕೊಂಡು ಕಳೆನಾಶಕ ಹೊಡೆದರೆ ಅರ್ಧ ದಿನದಲ್ಲಿ ಹೊಲ ಬೋಳು. ಕೂಲಿಯೂ ಹೋಯಿತು, ಸಾರೂ ಹೋಯಿತು. ಗೋಮಾಳ ಒತ್ತುವರಿಯಾಯಿತು, ಕೆರೆಯಂಗಳ ಸೈಟಾಯಿತು. ಎರಡೆಕರೆ ಇದ್ದವನು ಬದುವಿನಲ್ಲಿ ನುಗ್ಗೆ ನೆಟ್ಟುಕೊಂಡಾನು. ಭೂಮಿಯೇ ಇಲ್ಲದವಳಿಗೆ ಬದು ಎಲ್ಲಿಂದ ಬರಬೇಕು? ಪಟ್ಟಣದ ಅಂಗಡಿಯಲ್ಲಿ ಅದೇ ನುಗ್ಗೆಸೊಪ್ಪು ಪುಡಿಯಾಗಿ ಡಬ್ಬಿ ಸೇರಿ ‘ಮೊರಿಂಗಾ’ ಎಂಬ ಹೊಸ ಹೆಸರಿನಲ್ಲಿ ಮಾರಾಟಕ್ಕೆ ಕೂತಿದೆ. ಸೊಪ್ಪಿಗೆ ಇಂಗ್ಲಿಷ್ ಹೆಸರು ಬಂತು. ಸೊಪ್ಪು ಕೀಳುವವಳಿಗೆ ಕೂಲಿ ಬರಲಿಲ್ಲ.

ರಾಗಿಯ ಕಥೆಯೂ ಇದೇ. ಅಕ್ಕಿ ಮೇಲೋ ರಾಗಿ ಮೇಲೋ ಎಂಬ ಜಗಳ ಈ ನೆಲದಲ್ಲಿ ಎಷ್ಟು ಹಳೆಯದೆಂದರೆ, 16ನೆಯ ಶತಮಾನದಲ್ಲೇ ಕನಕದಾಸರು ಅದನ್ನು ‘ರಾಮಧಾನ್ಯ ಚರಿತ್ರೆ’ಯಾಗಿ ಬರೆದರು. ಅಲ್ಲಿ ಜಂಬದ ಅಕ್ಕಿ ಆರು ತಿಂಗಳ ಸೆರೆಯಲ್ಲಿ ಕಂದಿಹೋಗುತ್ತದೆ, ರಾಗಿ ಗಟ್ಟಿಯಾಗಿ ಉಳಿಯುತ್ತದೆ. ಕಾವ್ಯದಲ್ಲಿ ಗೆದ್ದ ರಾಗಿ ಊರಿನಲ್ಲಿ ಗೆಲ್ಲಲಿಲ್ಲ. ‘ಮುದ್ದೆ ತಿನ್ನೋನು’ ಎಂಬುದು ಬೈಗುಳವಾಗಿಯೇ ಉಳಿಯಿತು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ನೆಂಟಸ್ತನ ಮಾಡಿಸಿ ‘ಇಂಡಾಫ್’ ತಳಿಗಳನ್ನು ತೆಗೆದರು; ಬಡವರ ಕಣಜ ಹಿಗ್ಗಿತು. ಆ ಹೆಸರು ಗೊತ್ತಿರುವ ಪದವೀಧರರು ಎಷ್ಟು ಜನ? 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಯಿತು. ನಕ್ಷತ್ರದ ಹೋಟೆಲುಗಳಲ್ಲಿ ರಾಗಿ ಬಂತು, ಸಕ್ಕರೆ ಕಾಯಿಲೆಯವರ ತಟ್ಟೆಗೆ ಮುದ್ದೆ ಬಂತು. ಬರಲಿ, ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಕೇಳುತ್ತೇವೆ: ಮುದ್ದೆಗೆ ಸಿಕ್ಕ ಮರ್ಯಾದೆ ಮುದ್ದೆ ತಿಂದು ಬದುಕಿದವನಿಗೆ ಸಿಕ್ಕಿತೇ?

ಇನ್ನು ಬಾಡು. ಇಲ್ಲಿ ನಮ್ಮ ಗೆಳೆಯರೇ ದನಿ ತಗ್ಗಿಸುತ್ತಾರೆ. ನಾವು ತಗ್ಗಿಸುವುದಿಲ್ಲ. ದನದ ಬಾಡು ನಮ್ಮ ಕೇರಿಗಳಲ್ಲಿ, ಮುಸ್ಲಿಮರ ಕ್ರೈಸ್ತರ ಬೀದಿಗಳಲ್ಲಿ ಕೂಲಿಯವನ ಕೈಗೆಟುಕುತ್ತಿದ್ದ ಮಾಂಸ. ಉದ್ದುದ್ದ ಸೀಳಿ, ಉಪ್ಪು ಅರಿಸಿನ ಸವರಿ, ಹಗ್ಗಕ್ಕೆ ನೇತುಹಾಕಿ ಬಿಸಿಲಿಗೆ ಒಣಗಿಸಿದರೆ ಕೆಲಸವಿಲ್ಲದ ಮಳೆಗಾಲದಲ್ಲೂ ಕೆಡುತ್ತಿರಲಿಲ್ಲ. ಒಂದು ಹಿಡಿ ಒಣಬಾಡನ್ನು ಕುಟ್ಟಿ ಹುರುಳಿಕಾಳಿನ ಜೊತೆ ಬೇಯಿಸಿದರೆ ಮನೆಮಂದಿಗೆಲ್ಲ ಸಾರು. 1964ರ ಕಾಯ್ದೆ ಹಸುವನ್ನು ಕೊಯ್ಯುವುದನ್ನು ತಡೆದಿತ್ತು. ಹನ್ನೆರಡು ವರ್ಷ ದಾಟಿದ ಎತ್ತು, ಹೋರಿ, ಎಮ್ಮೆಗೆ ಅನುಮತಿಯ ದಾರಿ ಬಿಟ್ಟಿತ್ತು. 2020ರ ಕಾಯ್ದೆ 2021ರ ಜನವರಿಯಿಂದ ಜಾರಿಗೆ ಬಂದು, ಹದಿಮೂರು ದಾಟಿದ ಎಮ್ಮೆ ಕೋಣ ಬಿಟ್ಟು ಉಳಿದೆಲ್ಲಕ್ಕೂ ಬಾಗಿಲು ಹಾಕಿತು. ಶಿಕ್ಷೆ ಮೂರರಿಂದ ಏಳು ವರ್ಷ ಜೈಲು. ಮೊದಲ ತಪ್ಪಿಗೇ 50,000ದಿಂದ 5 ಲಕ್ಷದವರೆಗೆ ದಂಡ. ಕೂಲಿಯವನ ಬಾಯಿಯ ತುತ್ತಿಗೆ ಇಷ್ಟು ಬೆಲೆ ಕಟ್ಟಿದವರು ಅದೇ ಕೂಲಿಯವನ ದಿನಗೂಲಿಗೆ ಎಷ್ಟು ಕಟ್ಟಿದ್ದಾರೆ? ಉಳುವ ಶಕ್ತಿ ಹೋದ ಎತ್ತನ್ನು ಮಾರಿ ಎಳೆಯ ಎತ್ತು ತರುತ್ತಿದ್ದ ಸಣ್ಣ ರೈತನ ಕೈಯೂ ಇದರಲ್ಲಿ ಕಟ್ಟಿಹೋಯಿತು. ಅವನು ದನದ ಬಾಡು ತಿನ್ನದವನಾಗಿದ್ದರೂ ಕಟ್ಟಿಹೋಯಿತು.

‘ಬಾಬಾಸಾಹೇಬರೇ ಬಿಡಿ ಅಂದಿದ್ದರಲ್ಲ?’ ಎಂದು ಒಬ್ಬ ಜಾಣ ಕೇಳುತ್ತಾನೆ. ಸರಿಯಾಗಿ ಓದಲಿ. 1927ರಲ್ಲಿ ಮಹಾಡದಲ್ಲಿ ಅವರು ಬಿಡಿ ಎಂದದ್ದು ಸತ್ತ ದನದ ಮಾಂಸವನ್ನು, ಊರವರು ಬಿಸಾಕಿದ ತಂಗಳನ್ನು. ಸತ್ತ ದನ ಎಳೆಯುವುದು ನಿನ್ನ ಕರ್ತವ್ಯ, ಅದರ ಮಾಂಸ ನಿನ್ನ ಕೂಲಿ ಎಂದಿದ್ದ ಬಿಟ್ಟಿಚಾಕರಿಯನ್ನು ಒದೆಯಿರಿ ಎಂದರು. ಎಸೆದದ್ದನ್ನು ಎತ್ತಿಕೊಳ್ಳಬೇಡ ಎಂದರೆ, ಎಸೆದವನ ತಟ್ಟೆಯೇ ಪವಿತ್ರ ಎಂದು ಒಪ್ಪಿಕೋ ಎಂದು ಅರ್ಥವೇ? ಮರ್ಯಾದೆಗಾಗಿ ಬಿಡುವುದು ಬೇರೆ. ಲಾಠಿಗೆ ಹೆದರಿ ಬಿಡುವುದು ಬೇರೆ.

ಇದು ಬರೀ ಮಾಂಸದ ಜಗಳ ಎಂದುಕೊಂಡವರಿಗೆ ತುಪ್ಪದ ಮಾತು ಹೇಳುತ್ತೇವೆ. ಅಂಬೇಡ್ಕರರು 1936ರ ‘ಜಾತಿ ವಿನಾಶ’ದಲ್ಲಿ ಜೈಪುರ ಸಂಸ್ಥಾನದ ಚಕ್ವಾರದ ಸಂಗತಿ ಬರೆದಿದ್ದಾರೆ. ತೀರ್ಥಯಾತ್ರೆ ಮುಗಿಸಿ ಬಂದ ಅಸ್ಪೃಶ್ಯನೊಬ್ಬ ತನ್ನವರಿಗೆ ಊಟ ಹಾಕಿದ. ಊಟದಲ್ಲಿ ತುಪ್ಪ ಇತ್ತು. ಊರಿನ ಸವರ್ಣ ಹಿಂದೂಗಳು ನೂರಾರು ಜನ ದೊಣ್ಣೆ ಹಿಡಿದು ಬಂದು ಅನ್ನ ಚೆಲ್ಲಿದರು, ಉಣ್ಣುತ್ತಿದ್ದವರನ್ನು ಹೊಡೆದರು. ತುಪ್ಪ ಅವನ ಸ್ವಂತ ದುಡ್ಡಿನದು. ಯಾರ ಮನೆಯಿಂದಲೂ ಕದ್ದದ್ದಲ್ಲ, ಯಾವ ದನವನ್ನೂ ಕೊಂದದ್ದಲ್ಲ. ಅದಕ್ಕಿಂತ ಸಾತ್ವಿಕ ಆಹಾರ ಇನ್ನೇನಿದೆ? ಆದರೂ ಅಸ್ಪೃಶ್ಯ ತುಪ್ಪ ಉಂಡದ್ದು ಸೊಕ್ಕಾಯಿತು. ಬಾಡು ತಿಂದರೆ ಹೊಲಸು, ತುಪ್ಪ ಉಂಡರೆ ಸೊಕ್ಕು. ಹಾಗಾದರೆ ಅವರ ಕಣ್ಣು ಇರುವುದು ತಟ್ಟೆಯ ಮೇಲಲ್ಲ, ತಟ್ಟೆ ಹಿಡಿದ ಕೈಯ ಮೇಲೆ.

ಪುಸ್ತಕಗಳನ್ನು ತೆಗೆದು ನೋಡಿ. ಕನ್ನಡದ ಹೆಸರಾಂತ ಹಳೆಯ ಪಾಕಗ್ರಂಥ ಮೂರನೆಯ ಮಂಗರಸನ ‘ಸೂಪಶಾಸ್ತ್ರ’. 16ನೆಯ ಶತಮಾನದ ಆ ಜೈನಕವಿಯ ಅಡುಗೆಮನೆ ಪೂರಾ ಸಸ್ಯಾಹಾರ. ಅದು ಅವನ ಧರ್ಮ, ಒಪ್ಪುತ್ತೇವೆ. ಆದರೆ ಅದಕ್ಕೂ ಮುಂಚೆ 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಹೊಲದ ಇಲಿ ಹುರಿಯುವ ಬಗೆ ಇದೆ, ಆಮೆ ಬೇಯಿಸುವ ಬಗೆ ಇದೆ, ಕರುಳು ತೊಳೆದು ತುಂಬಿ ಸುಡುವ ಬಗೆ ಇದೆ. ದೊರೆ ಇಲಿ ತಿಂದರೆ ಅದು ರಾಜಭೋಗ, ವಿದ್ವಾಂಸರು ಅದರ ಮೇಲೆ ಪ್ರಬಂಧ ಬರೆಯುತ್ತಾರೆ. ಕೇರಿಯವನು ಬೋಟಿ ತಿಂದರೆ, ಗದ್ದೆಯ ಏಡಿ ಹಿಡಿದರೆ, ಮಳೆಗಾಲದ ಈಸಲುಹುಳು ಹುರಿದರೆ ಮೂಗು ಮುಚ್ಚಿಕೊಳ್ಳುತ್ತಾರೆ. ನೆರೆಯ ಮರಾಠವಾಡದಲ್ಲಿ ಶಾಹು ಪಾಟೋಳೆ 2015ರಲ್ಲಿ ‘ಅನ್ನ ಹೇ ಅಪೂರ್ಣಬ್ರಹ್ಮ’ ಎಂಬ ಪುಸ್ತಕ ಬರೆದು ಮಹಾರ್, ಮಾಂಗರ ಅಡುಗೆಯನ್ನು ಹೆಸರು ಸಮೇತ ಅಚ್ಚಿಗೆ ತಂದರು. ಅನ್ನ ಪೂರ್ಣಬ್ರಹ್ಮ ಎನ್ನುವವರಿಗೆ ಆ ತಲೆಬರಹದಲ್ಲೇ ಜವಾಬಿದೆ. 2024ರಲ್ಲಿ ಅದು ಇಂಗ್ಲಿಷಿಗೂ ಹೋಯಿತು. ನಮ್ಮ ಹೊಲೆಮಾದಿಗರ ಕೇರಿಗಳಲ್ಲಿ ಅಂಥ ನೂರು ಪುಸ್ತಕಕ್ಕಾಗುವಷ್ಟು ಅಡುಗೆ ಇದೆ.

ಶಾಲೆಯ ಮೇಷ್ಟ್ರುಗಳಿಗೆ ಈ ಮಾತು ಬೇಗ ಅರ್ಥವಾಗುತ್ತದೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರುವಾದಾಗ ಕೆಲವು ಮಠಾಧೀಶರು ನಿಲ್ಲಿಸಿ ಎಂದು ಎದ್ದು ನಿಂತರು. 2022ರಲ್ಲಿ ಹೊಸ ಶಿಕ್ಷಣ ನೀತಿಗಾಗಿ ಈ ರಾಜ್ಯದಲ್ಲೇ ತಯಾರಾದ ನಿಲುವು ಪತ್ರವೊಂದು, ಮೊಟ್ಟೆ ಕೊಡುತ್ತ ಹೋದರೆ ಮಕ್ಕಳಿಗೆ ಜೀವನಶೈಲಿಯ ಕಾಯಿಲೆ ಬರುತ್ತದೆ, ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರೆ ಭೇದ ಹುಟ್ಟುತ್ತದೆ ಎಂಬ ಅರ್ಥದಲ್ಲಿ ಬರೆಯಿತು. ಭೇದ ಮೊಟ್ಟೆಯಿಂದ ಹುಟ್ಟಿತಂತೆ! ಹಾಗಾದರೆ ಮೊಟ್ಟೆ ಇಲ್ಲದ ಕಾಲದಲ್ಲಿ ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಟ್ಟವರು ಯಾರು? ಬಿಸಿಯೂಟ ಬೇಯಿಸುವವಳು ದಲಿತಳೆಂದು ಮಕ್ಕಳನ್ನು ಶಾಲೆ ಬಿಡಿಸಿದ ಸುದ್ದಿಗಳು ಈ ನಾಡಿನಿಂದಲೇ ಬಂದಿವೆ. ಅವಳು ಬೇಯಿಸಿದ್ದು ಅನ್ನ, ಬೇಳೆ, ತರಕಾರಿ. ಅಲ್ಲಿ ಮೈಲಿಗೆಯಾದದ್ದು ಯಾವ ಸಾಮಾನು? 2024ರಲ್ಲಿ ಮೊಟ್ಟೆ ವಾರಕ್ಕೆ ಆರು ದಿನ ಎಂದಾಯಿತು. ಮೊಟ್ಟೆ ತಿನ್ನದ ಮಗುವಿಗೆ ಬಾಳೆಹಣ್ಣು ಉಂಟು. ತಿನ್ನುವ ಮಗು ತಿನ್ನಲಿ ಎನ್ನುವುದಕ್ಕೆ ಇಷ್ಟು ವರ್ಷ ಬೇಕಾಯಿತು.

ಸಾಹಿತ್ಯದವರು ಇದರಿಂದ ಹೊರಗಿದ್ದಾರೆಂದು ಯಾರೂ ಭಾವಿಸಬೇಡಿ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು. ಬೂಸಾ ಎಂದರೆ ದನದ ಮೇವು. ಆ ಒಂದು ಮಾತಿಗೆ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಯಾಯಿತು, ಅವರ ಮಂತ್ರಿಗಿರಿ ಹೋಯಿತು. ಐವತ್ತೊಂದು ವರ್ಷ ಕಳೆದು 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೆಯ ಸಾಹಿತ್ಯ ಸಮ್ಮೇಳನ. ಮಳಿಗೆಗಳವರಿಗೆ ಕೊಟ್ಟ ಸೂಚನೆಯಲ್ಲಿ ಮದ್ಯ, ತಂಬಾಕಿನ ಸಾಲಿನಲ್ಲೇ ಮಾಂಸಾಹಾರವನ್ನೂ ಸೇರಿಸಿ ನಿಷೇಧ ಎಂದಿದ್ದರು. ಹಬ್ಬ ಬಂದರೆ, ನೆಂಟ ಬಂದರೆ ಬಾಡೂಟ ಹಾಕುವ ಮಂಡ್ಯದಲ್ಲಿ! ಅಲ್ಲಿನ ಪ್ರಗತಿಪರ ಗೆಳೆಯರು ಬಾಡೂಟ ಬೇಕು ಎಂದು ಬೀದಿಗಿಳಿದಾಗ, ಸಾಹಿತ್ಯ ಬಿಟ್ಟು ಊಟದ ಮಾತೇಕೆ ಎಂದು ನಕ್ಕವರಿದ್ದಾರೆ. ಊಟದ ಮಾತು ತೆಗೆದವರು ಯಾರು? ಪಟ್ಟಿ ಬರೆದವರು. ನಾಡಿನ ಬಹುಜನರ ತುತ್ತನ್ನು ಸಾರಾಯಿಯ ಸಾಲಿಗೆ ಕೂರಿಸಿದವರು.

ನಮ್ಮ ಚಳವಳಿಗೂ ಎರಡು ಮಾತು. ಹಸಿವನ್ನು ಹಾಡಿ ಹೊಗಳುವುದು ಬೇಡ. ಅವ್ವನ ಅಂಬಲಿ ಅಮೃತ ಎಂದು ಪದ್ಯ ಬರೆಯುವ ಮುನ್ನ, ಬೇರೇನೂ ಇಲ್ಲದ್ದಕ್ಕೆ ಅವಳು ಅಂಬಲಿ ಕಾಯಿಸಿದಳೆಂಬುದು ನೆನಪಿರಲಿ. ಇನ್ನೊಂದು: ಸಭೆಯಲ್ಲಿ ಸಮಾನತೆ ಮಾತಾಡಿ, ರಾತ್ರಿ ಹತ್ತಕ್ಕೆ ಐದು ಜನ ಸಂಗಾತಿಗಳನ್ನು ಮನೆಗೆ ಕರೆತಂದು ‘ಮುದ್ದೆ ತಿರುವು’ ಎನ್ನುವ ಗಂಡಸರು ನಮ್ಮಲ್ಲಿ ಕಡಿಮೆಯಿಲ್ಲ. ಅವಳು ಹಸಿದು ಮಲಗಿದರೆ ಅದು ಯಾವ ಬಂಡಾಯ? ಮುದ್ದೆಕೋಲು ಗಂಡಸಿನ ಕೈಗೂ ಸಲ್ಲುತ್ತದೆ. ಸಂಘಟನೆಯ ಶಿಬಿರಗಳಲ್ಲಿ ಅಡುಗೆ ಸರದಿಯ ಮೇಲೆ ನಡೆಯಲಿ.

ಇನ್ನು ಮಾಡಬೇಕಾದ ಕೆಲಸ. ಹಳ್ಳಿಯ ಮೇಷ್ಟ್ರುಗಳೇ, ಮಕ್ಕಳಿಗೆ ಪ್ರಬಂಧ ಬರೆಸುವಾಗ ‘ನಮ್ಮ ಮನೆಯ ನಿನ್ನೆಯ ಅಡುಗೆ’ ಎಂದು ಬರೆಸಿ. ಯಾರ ಬರಹಕ್ಕೂ ತರಗತಿ ನಗದಂತೆ ನೋಡಿಕೊಳ್ಳಿ. ಹಾಸ್ಟೆಲಿನ ಹುಡುಗ ಹುಡುಗಿಯರೇ, ರಜೆಗೆ ಊರಿಗೆ ಹೋದಾಗ ಸೊಪ್ಪಿನ ಹೆಸರು, ಬಾಡು ಒಣಗಿಸುವ ಬಗೆ, ಖಾರದ ಅಳತೆ ಕೇಳಿ ಬರೆದುಕೊಳ್ಳಿ. ಆ ಮುದುಕಿಯರು ಹೋದರೆ ಅದೂ ಹೋಗುತ್ತದೆ. ಕಾರ್ಯಕರ್ತರೇ, ಗೋಮಾಳ, ಕೆರೆಯಂಗಳದ ಒತ್ತುವರಿ ತೆರವಿಗೆ ಅರ್ಜಿ ಹಾಕುವಾಗ ಅಲ್ಲಿ ಬೆಳೆಯುತ್ತಿದ್ದ ಸೊಪ್ಪಿನ ಹೆಸರುಗಳನ್ನೂ ಅರ್ಜಿಯಲ್ಲಿ ಬರೆಯಿರಿ. ಭೂಹೀನರಿಗೆ ಭೂಮಿ ಎಂಬ ನಮ್ಮ ಹಳೆಯ ಘೋಷಣೆಯೇ ಅಡುಗೆಮನೆಯ ಮೊದಲ ಪ್ರಶ್ನೆಗೆ ಉತ್ತರ. 2020ರ ಕಾಯ್ದೆ ರದ್ದಾಗಬೇಕು ಎಂಬುದು ಎರಡನೆಯದಕ್ಕೆ. ಊಟ ನೋಡಿ ಮನೆ ಕೊಡುವ ಮಾಲೀಕನನ್ನು ಕಾನೂನಿನ ಕಟಕಟೆಗೆ ತರಬೇಕು ಎಂಬುದು ಮೂರನೆಯದಕ್ಕೆ.

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂದು ಹಿರಿಯರು ಗಾದೆ ಕಟ್ಟಿದ್ದಾರೆ. ಗಾದೆಯ ಮೊದಲ ಅರ್ಧವನ್ನಾದರೂ ನಮಗೂ ಬಿಡಿ ಎಂದು ಬೇಡುತ್ತಿಲ್ಲ. ಅದು ನಮ್ಮದು, ತೆಗೆದುಕೊಳ್ಳುತ್ತೇವೆ.