ತವರಿಗೆ ಮರಳಿದ ಮಗಳಿಗೆ ಮೊದಲು ನಿದ್ದೆ ಬೇಕು

ಮದುವೆ ಮುರಿದು ತವರಿಗೆ ಬಂದ ಮಗಳನ್ನು ನಾವು ಮೊದಲು ಕೇಳುವುದು ‘ಏನಾಯಿತು?’ ಎಂದು. ಖಾಲಾ ಬಂದಾಗ ಒಮ್ಮೆ, ಫೂಫಿ ಬಂದಾಗ ಮತ್ತೊಮ್ಮೆ ಅವಳು ಅದೇ ಕಥೆ ಹೇಳಬೇಕು. ಇದ್ದತ್ ಮುಗಿಯುವ ಮೊದಲೇ ಹೊಸ ಸಂಬಂಧದ ಮಾತು ಬೇರೆ! ಇದು ಗಾಯವನ್ನು ಪದೇ ಪದೇ ಕೆದಕಿದಂತೆ. ಅವಳಿಗೆ ಮೊದಲು ಬೇಕಿರುವುದು ನಿದ್ದೆ, ಹೊತ್ತಿಗೆ ಸರಿಯಾಗಿ ಊಟ, ಏನನ್ನೂ ಕೇಳದೆ ಪಕ್ಕದಲ್ಲಿ ಕೂರುವ ಅಮ್ಮಿ.

ವರ್ಷಗಟ್ಟಲೆ ಬೈಗುಳ, ಹೊಡೆತದ ಭಯದಲ್ಲಿ ಬದುಕಿದವಳ ದೇಹ ತವರು ಸೇರಿದ ಕೂಡಲೇ ಸುಧಾರಿಸುವುದಿಲ್ಲ. ಬಾಗಿಲು ಜೋರಾಗಿ ಬಡಿದರೂ ಎದೆ ಹೊಡೆದುಕೊಳ್ಳುತ್ತದೆ. ತಲೆನೋವು, ಹೊಟ್ಟೆನೋವು, ಮುಟ್ಟಿನ ಏರುಪೇರು ಕಾಣಿಸಬಹುದು. ಇದು ನಾಟಕವಲ್ಲ, ಜಿನ್ನ್ ಹಿಡಿದದ್ದೂ ಅಲ್ಲ.

ಇದ್ದತ್ತಿನ ದಿನಗಳಲ್ಲಿ ಅಂಗಳದ, ಮಾಳಿಗೆಯ ಎಳೆಬಿಸಿಲಾದರೂ ಅವಳಿಗೆ ಸಿಗಲಿ. ಅದು ಮುಗಿದ ಮೇಲೂ ‘ಜನ ಏನಂದಾರು’ ಎಂದು ಒಳಗೇ ಕೂರಿಸುವುದೇಕೆ? ಸಿರುಗುಪ್ಪದಲ್ಲಿ ನೆಂಟರಿದ್ದರೆ ನಾಲ್ಕು ದಿನ ಕಳುಹಿಸಿ. ತುಂಗಭದ್ರೆಯ ದಂಡೆ ಇದೆ, ಕಣ್ಣು ಹಾಯಿಸಿದಷ್ಟೂ ಭತ್ತದ ಗದ್ದೆ ಇದೆ; ಅಣ್ಣನೋ ತಂಗಿಯೋ ಜೊತೆಗೆ ನಡೆಯಲಿ, ಮಾತಾಡಲೇಬೇಕೆಂದಿಲ್ಲ. ಕುರುಗೋಡಿನವರಿಗೆ ಬಂಡೆಗುಡ್ಡಗಳ ಬುಡದ ದಾರಿಯೇ ಸಾಕು. ಬಳ್ಳಾರಿಯ ಬಿಸಿಲು ಗೊತ್ತಲ್ಲ, ಫಜ್ರ್ ನಮಾಝಿನ ನಂತರ ಅರ್ಧ ಗಂಟೆ ನಡೆದರಾಯಿತು. ಸಂಜೆ ಹೋದರೆ ಮಗ್ರಿಬ್‌ಗೆ ಮೊದಲೇ ಮರಳಿ. ಗದ್ದೆ ಬಯಲಿನ ಸೊಳ್ಳೆಗಳು ಯಾರ ದುಃಖವನ್ನೂ ನೋಡುವುದಿಲ್ಲ.

ಆದರೆ ನದಿ, ಗದ್ದೆಗಳಿಂದಲೇ ಎಲ್ಲವೂ ವಾಸಿಯಾಗದು. ಎರಡು ವಾರ ದಾಟಿದರೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಮಕ್ಕಳತ್ತಲೂ ಮನಸ್ಸು ಹೋಗದಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಸಾಯುವ ಮಾತಾಡಿದರೆ ಆ ದಿನವೇ ಹೊರಡಿ, ಒಬ್ಬಳನ್ನೇ ಬಿಡಬೇಡಿ.

ಮನಸ್ಸಿನ ವೈದ್ಯರೆಂದರೆ ನಾಚುವವರಿಗೆ ಒಂದು ಮಾತು. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ನಮ್ಮದೇ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮನೋರೋಗದ ಚಿಕಿತ್ಸೆಯನ್ನು ಹಳ್ಳಿಗಳ ಹತ್ತಿರಕ್ಕೆ ತಂದಿತು. ‘ಬಳ್ಳಾರಿ ಮಾದರಿ’ ಎಂದೇ ಹೆಸರಾದ ಆ ಪ್ರಯೋಗವನ್ನು ಆಧರಿಸಿ 1996ರಲ್ಲಿ ಕೇಂದ್ರ ಸರಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ದೇಶಕ್ಕೆ ದಾರಿ ತೋರಿದ ಜಿಲ್ಲೆಯವರೇ ತಾಯಿತ ಕಟ್ಟಿ ಸುಮ್ಮನಿದ್ದರೆ ಹೇಗೆ?

ಮನೆಯಿಂದ ಹೊರಡುವುದು ಕಷ್ಟವಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಫೋನನ್ನು ಅವಳ ಕೈಗೇ ಕೊಟ್ಟು ನೀವು ಹೊರಗೆ ಹೋಗಿ ಕುಳಿತುಕೊಳ್ಳಿ.