ಮೀನಿನ ತೊಟ್ಟಿಯ ಹಟಮಾರಿ ಪಾಚಿ

ಮಕ್ಕಳ ಆಸೆಗೆ ಮಣಿದು ತಂದ ಮೀನಿನ ತೊಟ್ಟಿಯ ಗಾಜು ಕೆಲವೇ ವಾರಗಳಲ್ಲಿ ಹಸಿರಾಗುತ್ತದೆ. ಭಾನುವಾರ ಅಪ್ಪ ನೀರನ್ನೆಲ್ಲ ಚೆಲ್ಲಿ, ತೊಟ್ಟಿಯನ್ನು ಸೋಪು ಹಾಕಿ ಉಜ್ಜಿ, ನಲ್ಲಿ ನೀರು ತುಂಬುತ್ತಾರೆ. ಮರುದಿನ ಮೀನುಗಳು ಸತ್ತು ತೇಲುತ್ತವೆ. ಪಾಚಿ ಮಾತ್ರ ಮತ್ತೆ ಹಾಜರು! ಹೀಗೇಕೆ?

ಮೀನಿನ ಮಲ ಹಾಗೂ ಕೊಳೆತ ಆಹಾರದಿಂದ ಅಮೋನಿಯಾ ಉಂಟಾಗುತ್ತದೆ. ಇದು ಮೀನಿಗೆ ವಿಷ. ಜಲ್ಲಿ, ಫಿಲ್ಟರ್‌ಗಳಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಇದನ್ನು ಮೊದಲು ನೈಟ್ರೈಟ್, ನಂತರ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಸೋಪು ಮತ್ತು ನಲ್ಲಿ ನೀರಿನ ಕ್ಲೋರಿನ್ ಈ ಉಪಕಾರಿ ಜೀವಿಗಳನ್ನು ಕೊಲ್ಲುತ್ತವೆ. ಕ್ಲೋರಿನ್‌ನಿಂದ ಮೀನಿನ ಕಿವಿರುಗಳಿಗೂ ಹಾನಿ.

ಪಾಚಿಗೆ ಬೇಕಾದದ್ದು ನೈಟ್ರೇಟ್, ಫಾಸ್ಫೇಟ್ ಮತ್ತು ಬೆಳಕು. ಇವನ್ನು ಮಿತಗೊಳಿಸುವುದೇ ಮದ್ದು. ತೊಟ್ಟಿಗೆ ನೇರ ಬಿಸಿಲು ಬೀಳದಿರಲಿ. ದೀಪ ದಿನಕ್ಕೆ 6ರಿಂದ 8 ಗಂಟೆ ಸಾಕು. ಎರಡು ಮೂರು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿ. ವಾರಕ್ಕೊಮ್ಮೆ ಕಾಲು ಭಾಗ ನೀರನ್ನಷ್ಟೇ ಬದಲಿಸಿ. ಹೊಸ ನೀರು ಬಕೆಟಿನಲ್ಲಿ ಒಂದು ದಿನ ತೆರೆದಿಟ್ಟದ್ದಾಗಿರಲಿ. ಫಿಲ್ಟರಿನ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ವ್ಯಾಲಿಸ್ನೇರಿಯದಂಥ ಜಲಸಸ್ಯ ನೆಟ್ಟರೆ ಅದು ಪಾಚಿಯ ಊಟಕ್ಕೆ ಪಾಲುದಾರನಾಗುತ್ತದೆ.

ಪಾಚಿ ಒಂದೇ ದಿನದಲ್ಲಿ ಹೋಗದು. ತಾಳ್ಮೆಯಿದ್ದರೆ ಮೀನೂ ಉಳಿಯುತ್ತದೆ, ಮಕ್ಕಳಿಗೆ ಜೀವಜಾಲದ ಪಾಠವೂ ಆಗುತ್ತದೆ.