ವಾರ ಕೊಡುವುದು ನೀವು, ಬೆಲೆ ಕಟ್ಟುವುದು ಅವರು: ಟೈಮ್‌ಶೇರ್ ಎಕ್ಸ್‌ಚೇಂಜ್‌ನ ಒಳಲೆಕ್ಕ

ಬೇಸಿಗೆ ರಜೆ ಹತ್ತಿರ ಬಂತು ಅಂದರೆ ಮಾಲ್‌ಗಳಲ್ಲಿ, ಪೆಟ್ರೋಲ್ ಬಂಕ್‌ಗಳಲ್ಲಿ ಲಕ್ಕಿ ಡ್ರಾ ಡಬ್ಬಗಳು ಕಾಣಿಸಿಕೊಳ್ಳುತ್ತವೆ. ಹೆಸರು, ಮೊಬೈಲ್ ನಂಬರ್ ಬರೆದು ಹಾಕಿದರೆ ಎರಡೇ ದಿನದಲ್ಲಿ ಫೋನ್ ಬರುತ್ತದೆ: ‘ಸರ್, ನಿಮಗೆ ಗಿಫ್ಟ್ ಬಂದಿದೆ. ಆದ್ರೆ ಮೇಡಂ ಜೊತೆಗೇ ಬರ್ಬೇಕು.’ ಹೋಗಿ ಕೂತರೆ ಹೋಟೆಲ್ ಹಾಲ್‌ನಲ್ಲಿ ಎರಡು ಗಂಟೆ ಮಾತು. ಕೊಡಗಿನ ಕಾಫಿ ತೋಟದ ಫೋಟೊ, ಗೋವಾದ ಬೀಚಿನ ವಿಡಿಯೊ. ಅಷ್ಟಕ್ಕೂ ಒಪ್ಪದಿದ್ದರೆ ಕೊನೆಯ ಅಸ್ತ್ರ ಹೊರಬರುತ್ತದೆ: ‘ಇಲ್ಲೇ ಹೋಗ್ಬೇಕು ಅಂತೇನಿಲ್ಲ ಸರ್. ನಿಮ್ಮ ವಾರವನ್ನ ಎಕ್ಸ್‌ಚೇಂಜ್ ಮಾಡಿ ಸ್ವಿಟ್ಜರ್‌ಲೆಂಡ್‌ಗೂ ಹೋಗ್ಬಹುದು.’

ಈ ಕೊನೆಯ ಮಾತಿನ ಹಿಂದೆ ಒಂದು ದೊಡ್ಡ ಜಾಗತಿಕ ವ್ಯವಸ್ಥೆಯಿದೆ. ಅದು ಪೂರ್ತಿ ಮೋಸ ಅಂತ ನಾನು ಹೇಳುತ್ತಿಲ್ಲ. ಅದರಿಂದ ನಿಜಕ್ಕೂ ದೇಶ ಸುತ್ತಿ ಬಂದವರಿದ್ದಾರೆ. ನನ್ನ ತಕರಾರು ಬೇರೆ. ಈ ವಿನಿಮಯಕ್ಕೆ ಸರಕು ಕೊಡುವವರು ಸದಸ್ಯರು. ಆ ಸರಕಿಗೆ ಬೆಲೆ ಕಟ್ಟುವುದು, ಅದನ್ನು ಹಂಚುವುದು, ಲೆಕ್ಕ ಇಡುವುದು ಎಲ್ಲಾ ಕಂಪನಿ. ಆ ಲೆಕ್ಕದ ಪುಸ್ತಕವನ್ನು ತೆರೆದು ತೋರಿಸಿ ಎಂದು ಕೇಳುವ ದಾರಿ ಸದಸ್ಯರಿಗಿಲ್ಲ. ಭಾರತದಲ್ಲಂತೂ ಹಾಗೆ ಕೇಳಲು ಪ್ರತ್ಯೇಕ ಕಾನೂನೂ ಇಲ್ಲ.

ವಾರವೇ ನಾಣ್ಯ

ಟೈಮ್‌ಶೇರ್ ಅಂದರೆ ರೆಸಾರ್ಟಿನ ಒಂದು ಕೋಣೆಯ ವರ್ಷವನ್ನು ವಾರಗಳಾಗಿ ಕತ್ತರಿಸಿ ಮಾರುವುದು. 52 ವಾರಗಳಲ್ಲಿ ಸಾಮಾನ್ಯವಾಗಿ ಒಂದನ್ನು ರಿಪೇರಿಗೆ ಬಿಟ್ಟು ಉಳಿದ 51ನ್ನು ಮಾರುತ್ತಾರೆ. ಅಮೆರಿಕದಲ್ಲಿ ಎಷ್ಟೋ ಜನರಿಗೆ ಆ ವಾರದ ಕ್ರಯಪತ್ರವೇ ಸಿಗುತ್ತದೆ, ಮನೆ-ಜಮೀನಿನ ಹಾಗೆ. ನಮ್ಮಲ್ಲಿ ಹೆಚ್ಚಾಗಿ ಸಿಗುವುದು ಸದಸ್ಯತ್ವ. ಕ್ಲಬ್ ಮಹೀಂದ್ರಾದ ಹೆಸರಾದ ಯೋಜನೆಯನ್ನೇ ನೋಡಿ: 25 ವರ್ಷ, ವರ್ಷಕ್ಕೆ 7 ದಿನ. ಗೋಡೆಯಾಗಲಿ ನೆಲವಾಗಲಿ ನಿಮ್ಮದಲ್ಲ, ತಂಗುವ ಹಕ್ಕು ಮಾತ್ರ ನಿಮ್ಮದು. ಮಾರಾಟದ ಹಾಲ್‌ನಲ್ಲಿ ‘ಓನರ್’ ಎಂಬ ಪದ ಕೇಳಿಬಂದರೆ ಈ ವ್ಯತ್ಯಾಸ ನೆನಪಿರಲಿ.

ಪ್ರತಿ ವರ್ಷ ಅದೇ ಜಾಗಕ್ಕೆ ಹೋಗಲು ಯಾರಿಗಾದರೂ ಬೇಜಾರು. ಈ ಬೇಜಾರಿಗೆ ಮದ್ದಾಗಿ 1974ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಜಾನ್ ಮತ್ತು ಕ್ರಿಸ್ಟೆಲ್ ಡಿಹಾನ್ ದಂಪತಿ ಆರ್‌ಸಿಐ ಶುರು ಮಾಡಿದರು. 1976ರಲ್ಲಿ ಇಂಟರ್‌ವಲ್ ಇಂಟರ್‌ನ್ಯಾಷನಲ್ ಬಂತು. ಇಂದಿಗೂ ಈ ಕ್ಷೇತ್ರದ ಎರಡು ದೊಡ್ಡ ಹೆಸರುಗಳು ಇವೇ. ಆರ್‌ಸಿಐ ಈಗ ಟ್ರಾವೆಲ್ ಪ್ಲಸ್ ಲೀಷರ್ ಕಂಪನಿಯ ಕೈಯಲ್ಲಿದೆ. ಇಂಟರ್‌ವಲ್ 2018ರಿಂದ ಮ್ಯಾರಿಯಟ್ ವೆಕೇಷನ್ಸ್ ವರ್ಲ್ಡ್‌ವೈಡ್‌ನದ್ದು. ಗಮನಿಸಿ: ಈ ಎರಡೂ ಮಾತೃಸಂಸ್ಥೆಗಳು ಸ್ವತಃ ಟೈಮ್‌ಶೇರ್ ಮಾರುತ್ತವೆ. ಮಾರುವವರ ಬಳಗದಲ್ಲೇ ವಿನಿಮಯದ ಮಾರುಕಟ್ಟೆಯನ್ನು ನಡೆಸುವವರೂ ಇದ್ದಾರೆ.

ಕೆಲಸ ನಡೆಯುವುದು ಹೀಗೆ. ನಿಮ್ಮ ರೆಸಾರ್ಟ್ ಆ ಜಾಲದಲ್ಲಿರಬೇಕು, ನೀವು ಪ್ರತ್ಯೇಕವಾಗಿ ಎಕ್ಸ್‌ಚೇಂಜ್‌ನ ಸದಸ್ಯರಾಗಿರಬೇಕು. ಈ ವರ್ಷದ ನಿಮ್ಮ ವಾರವನ್ನು ನೀವು ‘ಡೆಪಾಸಿಟ್’ ಮಾಡುತ್ತೀರಿ, ಅಂದರೆ ಅದನ್ನು ಬಿಟ್ಟುಕೊಡುತ್ತೀರಿ. ಕಂಪನಿ ಅದಕ್ಕೊಂದು ಬೆಲೆ ಕಟ್ಟುತ್ತದೆ. ರೆಸಾರ್ಟ್ ಎಲ್ಲಿದೆ, ಯಾವ ಸೀಸನ್, ಕೋಣೆ ಎಷ್ಟು ದೊಡ್ಡದು, ಗುಣಮಟ್ಟ ಹೇಗಿದೆ, ಎಷ್ಟು ಮುಂಚೆ ಡೆಪಾಸಿಟ್ ಮಾಡಿದಿರಿ ಎಂಬುದೆಲ್ಲ ಇದರಲ್ಲಿ ಲೆಕ್ಕಕ್ಕೆ ಬರುತ್ತದೆ. ತಿಂಗಳುಗಟ್ಟಲೆ ಮುಂಚೆ ಕೊಟ್ಟರೆ ಪೂರ್ತಿ ಬೆಲೆ, ದಿನ ಹತ್ತಿರ ಬಂದಂತೆ ಬೆಲೆ ಇಳಿಯುತ್ತದೆ. ಆ ಬೆಲೆಗೆ ಹೊಂದುವ ಬೇರೆಯವರ ವಾರವನ್ನು ನೀವು ಹುಡುಕಬೇಕು. ಸಿಕ್ಕಿದರೆ ಎಕ್ಸ್‌ಚೇಂಜ್ ಶುಲ್ಕ ಕಟ್ಟಬೇಕು. ನಿಗದಿತ ಅವಧಿಯೊಳಗೆ ಬಳಸದಿದ್ದರೆ ಡೆಪಾಸಿಟ್ ರದ್ದಾಗುತ್ತದೆ, ಇಲ್ಲವೇ ಅವಧಿ ವಿಸ್ತರಿಸಲು ಮತ್ತೆ ದುಡ್ಡು. ವಿಮಾನ, ವೀಸಾ, ಊಟ ಎಲ್ಲಾ ನಿಮ್ಮ ಖರ್ಚು. ಕಂಪನಿಗಳು 2000ರ ಆಸುಪಾಸಿನಿಂದ ವಾರದ ಬದಲು ‘ಪಾಯಿಂಟ್ಸ್’ ಕೊಡುವ ಪದ್ಧತಿಗೂ ಹೊರಳಿವೆ. ಹೆಸರು ಬದಲಾಯಿತು, ಬೆಲೆ ಕಟ್ಟುವ ಕೈ ಬದಲಾಗಲಿಲ್ಲ.

ಸಿಇಟಿಗೆ ಇರುವ ನ್ಯಾಯ ಇಲ್ಲಿಲ್ಲ

ಎಂಜಿನಿಯರಿಂಗ್ ಓದಿದ ನನಗೆ ಇಲ್ಲಿ ಕುತೂಹಲ ಹುಟ್ಟಿಸುವ ಒಂದು ಕಾಕತಾಳೀಯವಿದೆ. ಆರ್‌ಸಿಐ ಹುಟ್ಟಿದ ಅದೇ 1974ರಲ್ಲಿ ಲಾಯ್ಡ್ ಶಾಪ್ಲಿ ಮತ್ತು ಹರ್ಬರ್ಟ್ ಸ್ಕಾರ್ಫ್ ಎಂಬ ಇಬ್ಬರು ವಿದ್ವಾಂಸರು ಹೆಚ್ಚುಕಡಿಮೆ ಇದೇ ಪ್ರಶ್ನೆಗೆ ಗಣಿತದ ಉತ್ತರ ಪ್ರಕಟಿಸಿದರು. ಹತ್ತು ಜನರ ಬಳಿ ಹತ್ತು ಮನೆಗಳಿವೆ, ದುಡ್ಡಿನ ವ್ಯವಹಾರವಿಲ್ಲ, ಎಲ್ಲರಿಗೂ ತೃಪ್ತಿಯಾಗುವಂತೆ ಅದಲುಬದಲು ಮಾಡುವುದು ಹೇಗೆ? ಪ್ರತಿಯೊಬ್ಬರೂ ತಮಗೆ ಅತಿ ಇಷ್ಟವಾದ ಮನೆಯ ಮಾಲೀಕರತ್ತ ಬೆರಳು ತೋರಿಸಲಿ. ಎಲ್ಲೋ ಒಂದು ಕಡೆ ಬೆರಳುಗಳ ವೃತ್ತ ಆಗಿಯೇ ಆಗುತ್ತದೆ. ಆ ವೃತ್ತದಲ್ಲಿರುವವರು ಮನೆ ಬದಲಿಸಿಕೊಂಡು ಹೊರಬರುತ್ತಾರೆ. ಉಳಿದವರು ಮತ್ತೆ ಬೆರಳು ತೋರಿಸುತ್ತಾರೆ. ಈ ವಿಧಾನದಲ್ಲಿ ಯಾರೂ ತಮ್ಮ ಹಳೆಯ ಮನೆಗಿಂತ ಕಡಿಮೆ ಇಷ್ಟವಾದುದಕ್ಕೆ ಇಳಿಯುವುದಿಲ್ಲ. ಇಷ್ಟವಾದದ್ದು ಸಿಗದಿದ್ದರೆ ನಿಮ್ಮ ಮನೆ ನಿಮ್ಮ ಹತ್ತಿರವೇ ಇರುತ್ತದೆ.

ಇದು ನಮಗೆ ಹೊಸದೇನಲ್ಲ. ಸಿಇಟಿ ಕೌನ್ಸೆಲಿಂಗ್‌ನಲ್ಲಿ ‘ಚಾಯ್ಸ್ 2’ ಒತ್ತಿದವರಿಗೆ ಇದು ಗೊತ್ತು. ಸಿಕ್ಕಿದ ಸೀಟು ಕೈಯಲ್ಲೇ ಇರುತ್ತದೆ, ಮುಂದಿನ ಸುತ್ತಿನಲ್ಲಿ ಮೇಲಿನ ಆಯ್ಕೆ ಬಂದರೆ ಮಾತ್ರ ಹಳೆಯದು ಹೋಗುತ್ತದೆ. ಕೆಇಎ ಬಗ್ಗೆ ನಮಗೆ ನೂರು ದೂರುಗಳಿರಬಹುದು. ಆದರೂ ಸೀಟ್ ಮ್ಯಾಟ್ರಿಕ್ಸ್ ಪ್ರಕಟವಾಗುತ್ತದೆ, ಯಾವ ರ‍್ಯಾಂಕಿಗೆ ಯಾವ ಕಾಲೇಜು ಹೋಯಿತು ಎಂಬ ಕಟ್‌ಆಫ್ ಪ್ರಕಟವಾಗುತ್ತದೆ. ಅನ್ಯಾಯ ಆಗಿದೆ ಅನಿಸಿದರೆ ಅಂಕಿ ಹಿಡಿದು ಜಗಳ ಆಡಬಹುದು.

ಡೆಪಾಸಿಟ್ ಪದ್ಧತಿಯ ಟೈಮ್‌ಶೇರ್ ವಿನಿಮಯದಲ್ಲಿ ಈ ಎರಡೂ ಇಲ್ಲ. ಮೊದಲು ವಾರ ಬಿಟ್ಟುಕೊಡಿ, ಆಮೇಲೆ ಏನು ಸಿಗುತ್ತದೋ ನೋಡೋಣ. ಕೇಳಿದ್ದು ಸಿಗದಿದ್ದರೆ ನಿಮ್ಮ ಹಳೆಯ ವಾರ ವಾಪಸ್ ಬರುತ್ತದೆ ಎಂಬ ಖಾತ್ರಿಯಿಲ್ಲ, ಅಷ್ಟರಲ್ಲಿ ಅದು ಇನ್ಯಾರಿಗೋ ಹೋಗಿರಬಹುದು. ಇಂಟರ್‌ವಲ್‌ನಲ್ಲಿ ‘ಮೊದಲು ಬೇಡಿಕೆ’ ಎಂಬ ಇನ್ನೊಂದು ದಾರಿಯೂ ಇದೆ: ಬದಲಿ ವಾರ ಖಚಿತವಾಗುವವರೆಗೆ ನಿಮ್ಮ ವಾರ ನಿಮ್ಮದೇ. ಅಂದರೆ ನ್ಯಾಯವಾದ ವಿನ್ಯಾಸ ತಾಂತ್ರಿಕವಾಗಿ ಸಾಧ್ಯ. ಅದನ್ನು ಎಲ್ಲರ ಹಕ್ಕಾಗಿ ಮಾಡಿಲ್ಲ, ಅಷ್ಟೆ.

ಇನ್ನು ಪಾರದರ್ಶಕತೆ. ಡೆಪಾಸಿಟ್ ಮಾಡಿದ ವಾರಕ್ಕೆ ಎಷ್ಟು ಬೆಲೆ ಎಂಬ ಅಂಕಿಯನ್ನು ಆರ್‌ಸಿಐ ತನ್ನ ವಾರ ಪದ್ಧತಿಯ ಸದಸ್ಯರಿಗೆ ತೋರಿಸಲು ಶುರು ಮಾಡಿದ್ದು 2010ರ ಕೊನೆಗೆ. ಸಂಸ್ಥೆ ಹುಟ್ಟಿ ಅಷ್ಟರಲ್ಲಿ 36 ವರ್ಷ ಆಗಿತ್ತು.

ಒಳ್ಳೆಯ ವಾರಗಳು ಎಲ್ಲಿಗೆ ಹೋಗುತ್ತವೆ?

2006ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಫೆಡರಲ್ ನ್ಯಾಯಾಲಯದಲ್ಲಿ ಸದಸ್ಯರು ಆರ್‌ಸಿಐ ವಿರುದ್ಧ ಒಟ್ಟಾಗಿ ದಾವೆ ಹೂಡಿದರು. ವಿನಿಮಯಕ್ಕೆಂದು ನಾವು ಡೆಪಾಸಿಟ್ ಮಾಡಿದ ಬೇಡಿಕೆಯ ವಾರಗಳನ್ನು ಕಂಪನಿ ಹೊರಗಿನ ಜನರಿಗೆ ಬಾಡಿಗೆಗೆ ಕೊಡುತ್ತಿದೆ, ನಮಗೆ ಉಳಿಯುವುದು ಯಾರಿಗೂ ಬೇಡವಾದ ವಾರಗಳು ಎಂಬುದು ಆರೋಪ. ಪ್ರಕರಣ ಕೊನೆಗೆ ರಾಜಿಯಲ್ಲಿ ಮುಗಿಯಿತು. ಆರೋಪ ಪೂರ್ತಿ ನಿಜವೋ ಅಲ್ಲವೋ ಎಂದು ನ್ಯಾಯಾಲಯ ತೀರ್ಮಾನಿಸುವ ಹಂತ ಬರಲೇ ಇಲ್ಲ.

ಆದರೆ ಆ ದಾವೆ ಎತ್ತಿದ ಪ್ರಶ್ನೆ ಈ ಉದ್ಯಮದ ನರವನ್ನೇ ಮುಟ್ಟುತ್ತದೆ. ನೀವು ಕೊಟ್ಟ ಕ್ರಿಸ್‌ಮಸ್ ವಾರ ಇನ್ನೊಬ್ಬ ಸದಸ್ಯರಿಗೆ ಹೋದರೆ ಕಂಪನಿಗೆ ಸಿಗುವುದು ಒಂದು ಎಕ್ಸ್‌ಚೇಂಜ್ ಶುಲ್ಕ. ಅದನ್ನೇ ಹೊರಗಿನವರಿಗೆ ಬಾಡಿಗೆಗೆ ಕೊಟ್ಟರೆ ಮಾರುಕಟ್ಟೆಯ ದರ. ಈ ಆಸೆಗೆ ಬೇಲಿ ಹಾಕುವುದು ಕಂಪನಿಯ ಒಳ್ಳೆಯತನದ ಮೇಲೆ ನಿಲ್ಲಬಾರದು, ನಿಯಮದ ಮೇಲೆ ನಿಲ್ಲಬೇಕು.

ಯಾರೂ ಬಾಡಿಗೆಗೆ ಕೊಡದಿದ್ದರೂ ಗಣಿತ ಸುಲಭವಲ್ಲ. 100 ಕೋಣೆಗಳ ರೆಸಾರ್ಟ್ ಒಂದಕ್ಕೆ 5,100 ಸದಸ್ಯರಿದ್ದಾರೆ ಅಂದುಕೊಳ್ಳಿ. ವರ್ಷದ ಕೊನೆಯ ವಾರ ಅಲ್ಲಿ ಜಾಗ ಸಿಗುವುದು 100 ಕುಟುಂಬಗಳಿಗೆ. ಉಳಿದ 5,000 ಕುಟುಂಬಗಳಿಗೆ ಅದೇ ಶಾಲೆ, ಅದೇ ದಸರಾ ರಜೆ, ಅದೇ ಏಪ್ರಿಲ್-ಮೇ. ಹಾಗಾಗಿ ಈ ವ್ಯವಸ್ಥೆ ಚೆನ್ನಾಗಿ ಒಗ್ಗುವುದು ಮಕ್ಕಳ ಶಾಲೆಯ ಹಂಗಿಲ್ಲದವರಿಗೆ, ಮಳೆಗಾಲದಲ್ಲೂ ಹೊರಡಬಲ್ಲ ನಿವೃತ್ತರಿಗೆ, ಒಂದು ವರ್ಷ ಮುಂಚೆಯೇ ತಾರೀಖು ಹೇಳಬಲ್ಲವರಿಗೆ. ಮಾಲ್‌ನಲ್ಲಿ ಹಿಡಿಯುವುದು ಯಾರನ್ನು? ಮಗುವಿನ ಕೈ ಹಿಡಿದು ಹೊರಟ ಮೂವತ್ತೈದರ ದಂಪತಿಯನ್ನು.

ಎಷ್ಟಾಗುತ್ತದೆ ಒಟ್ಟು?

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಸದಸ್ಯತ್ವಕ್ಕೆ 5 ಲಕ್ಷ ರೂಪಾಯಿ, ಮೊದಲ ವರ್ಷದ ನಿರ್ವಹಣಾ ಶುಲ್ಕ 20,000, ಅದು ವರ್ಷಕ್ಕೆ ಶೇ. 5ರಷ್ಟು ಏರುತ್ತದೆ ಅಂತಿಟ್ಟುಕೊಳ್ಳಿ. 25ನೇ ವರ್ಷಕ್ಕೆ ಆ ಶುಲ್ಕ 64,500 ರೂಪಾಯಿ ದಾಟುತ್ತದೆ. ಇಪ್ಪತ್ತೈದೂ ವರ್ಷದ ಶುಲ್ಕ ಸೇರಿಸಿದರೆ ಸುಮಾರು 9.5 ಲಕ್ಷ, ಅಂದರೆ ಸದಸ್ಯತ್ವದ ಬೆಲೆಗಿಂತ ಜಾಸ್ತಿ. ಒಟ್ಟು 14.5 ಲಕ್ಷವನ್ನು 175 ರಾತ್ರಿಗಳಿಗೆ ಹಂಚಿದರೆ ರಾತ್ರಿಗೆ ಸುಮಾರು 8,300 ರೂಪಾಯಿ. ಅದೂ ಒಂದು ರಾತ್ರಿಯನ್ನೂ ಬಿಡದೆ ಬಳಸಿದರೆ. ಇಎಂಐ ಬಡ್ಡಿ, ಜಿಎಸ್‌ಟಿ, ಎಕ್ಸ್‌ಚೇಂಜ್ ಶುಲ್ಕ ಇದರಲ್ಲಿ ಸೇರಿಲ್ಲ. ಇದು ಲಾಭವೋ ನಷ್ಟವೋ ನಿಮ್ಮ ಕುಟುಂಬ ತೀರ್ಮಾನಿಸಲಿ. ಆದರೆ ಸಹಿ ಹಾಕುವ ಮುಂಚೆ ಈ ಮೊತ್ತವನ್ನು ಒಂದೇ ಸಾಲಿನಲ್ಲಿ ಬರೆದುಕೊಡಬೇಕು ಎಂಬ ನಿಯಮವೇ ನಮ್ಮಲ್ಲಿಲ್ಲ.

ಷೇರುದಾರರಿಗೆ ಮಾತ್ರ ಈ ಕತ್ತಲಿಲ್ಲ. 2018ರ ಏಪ್ರಿಲ್‌ನಿಂದ ಜಾರಿಯಾದ ಇಂಡ್ ಎಎಸ್ 115 ಎಂಬ ಲೆಕ್ಕಪತ್ರ ಮಾನದಂಡದ ನಂತರ, ಸದಸ್ಯತ್ವದ ಹಣವನ್ನು ಸದಸ್ಯತ್ವದ ಅವಧಿಯುದ್ದಕ್ಕೂ ಹಂಚಿ ಆದಾಯವೆಂದು ತೋರಿಸಬೇಕಾಗಿ ಬಂತು. ಮೊದಲು ಅದರ ದೊಡ್ಡ ಪಾಲನ್ನು ಆರಂಭದಲ್ಲೇ ಆದಾಯಕ್ಕೆ ಸೇರಿಸುವ ರೂಢಿಯಿತ್ತು. ಹಣ ಈಗಲೇ ಬಂದರೂ ಸೇವೆ ಇನ್ನೂ ಬಾಕಿಯಿದೆ ಎಂಬ ಸತ್ಯವನ್ನು ಹೂಡಿಕೆದಾರರಿಗಾಗಿ ಒಪ್ಪಿಕೊಂಡದ್ದಾಯಿತು. ಆ ಸೇವೆ ಪಡೆಯಬೇಕಾದ ಸದಸ್ಯರಿಗೆ ಅಂಥ ಯಾವ ವಾರ್ಷಿಕ ಲೆಕ್ಕವನ್ನೂ ಯಾರೂ ಕಡ್ಡಾಯ ಮಾಡಿಲ್ಲ.

ಸೆಬಿ ಬಂದದ್ದು ಯಾವಾಗ

ಮುಂಬೈನ ಪ್ಯಾನ್‌ಕಾರ್ಡ್ ಕ್ಲಬ್ಸ್ ಹೋಟೆಲಿನ ‘ರೂಮ್ ನೈಟ್’ಗಳನ್ನು ಮಾರುತ್ತಿತ್ತು. ಬಳಸದೇ ಉಳಿದ ರಾತ್ರಿಗಳಿಗೆ ಕೊನೆಯಲ್ಲಿ ದುಡ್ಡು ವಾಪಸ್ ಎಂಬುದು ಅಸಲಿ ಆಕರ್ಷಣೆ. 2016ರ ಫೆಬ್ರುವರಿಯಲ್ಲಿ ಸೆಬಿ, ಇದು ಪರವಾನಗಿಯಿಲ್ಲದ ಸಾಮೂಹಿಕ ಹೂಡಿಕೆ ಯೋಜನೆ ಎಂದು ಹೇಳಿ ಹಣ ಹಿಂದಿರುಗಿಸಲು ಆದೇಶಿಸಿತು. ಸೆಬಿ ಲೆಕ್ಕದಲ್ಲಿ 50 ಲಕ್ಷಕ್ಕೂ ಹೆಚ್ಚು ಜನರಿಂದ 7,000 ಕೋಟಿ ರೂಪಾಯಿಗೂ ಹೆಚ್ಚು ಸಂಗ್ರಹವಾಗಿತ್ತು. ಅಂದರೆ ರಜೆಯ ಹೆಸರಲ್ಲಿ ಲಾಭದ ಭರವಸೆ ಕೊಟ್ಟರೆ ಸೆಬಿ ಬರುತ್ತದೆ. ಬರೀ ರಜೆಯ ಭರವಸೆ ಕೊಟ್ಟು 25 ವರ್ಷದ ಹಣ ಮುಂಗಡ ಪಡೆದರೆ ಅದಕ್ಕೆಂದೇ ಇರುವ ನಿಯಂತ್ರಕರು ಯಾರೂ ಇಲ್ಲ.

ಯುರೋಪಿನಲ್ಲಿ ಹಾಗಲ್ಲ. ಐರೋಪ್ಯ ಒಕ್ಕೂಟದ 2008ರ ನಿರ್ದೇಶನ ಟೈಮ್‌ಶೇರ್ ಜೊತೆಗೆ ಎಕ್ಸ್‌ಚೇಂಜ್ ಕರಾರನ್ನೂ ಒಳಗೊಂಡಿದೆ. ಸಹಿ ಹಾಕಿದ ಮೇಲೆ 14 ದಿನದೊಳಗೆ ಕಾರಣ ಕೊಡದೆ ಹಿಂದೆ ಸರಿಯಬಹುದು. ಆ ಅವಧಿಯಲ್ಲಿ ಮುಂಗಡ ಹಣ ಪಡೆಯುವಂತೆಯೇ ಇಲ್ಲ. ಫ್ಲಾರಿಡಾದಲ್ಲಿ ಹಿಂದೆ ಸರಿಯಲು 10 ದಿನ. ನಮ್ಮಲ್ಲಿ ಕಂಪನಿ ತನ್ನ ಕರಾರಿನಲ್ಲಿ ಎಷ್ಟು ದಿನ ಬರೆದಿದೆಯೋ ಅಷ್ಟೇ.

ನಮಗೆ ಇರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಅದು ಸಣ್ಣ ಆಯುಧವಲ್ಲ. ಕರಾರಿನಲ್ಲಿ ಯಾವ ಊರಿನ ಕೋರ್ಟ್ ಹೆಸರಿದ್ದರೂ ನೀವು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಕೊಡಬೇಕು. ಆದರೆ ಒಂದು ಕೊರತೆಯಿದೆ: ಕರಾರೇ ಅನ್ಯಾಯದ್ದು ಎಂದು ಪ್ರಶ್ನಿಸಬೇಕಾದರೆ ಜಿಲ್ಲಾ ಆಯೋಗಕ್ಕೆ ಆ ಅಧಿಕಾರವಿಲ್ಲ, ರಾಜ್ಯ ಅಥವಾ ರಾಷ್ಟ್ರೀಯ ಆಯೋಗಕ್ಕೆ ಹೋಗಬೇಕು. ‘ಕೋಣೆ ಕೊಡಲಿಲ್ಲ’ ಅನ್ನೋದನ್ನ ಹಾಸನದಲ್ಲಿ ಹೇಳಬಹುದು, ‘ಈ ಕರಾರೇ ತಪ್ಪು’ ಅನ್ನೋಕೆ ರಾಜ್ಯ ಆಯೋಗದ ಬಾಗಿಲು ತಟ್ಟಬೇಕು.

ಕೇಳಬೇಕಾದದ್ದು

ಇದು ಮಧ್ಯಮ ವರ್ಗದ ರಜೆಯ ಗೋಳು, ನಮಗ್ಯಾಕೆ ಅಂತ ಕೆಲವರಿಗೆ ಅನಿಸಬಹುದು. ಆದರೆ ಜನರ ಸರಕನ್ನು ಒಂದು ಕಡೆ ಗುಡ್ಡೆ ಹಾಕಿ, ಗುಟ್ಟಿನ ಸೂತ್ರದಲ್ಲಿ ಬೆಲೆ ಕಟ್ಟಿ, ಪಾಯಿಂಟ್ಸ್ ಹಂಚುವ ಈ ಮಾದರಿ ಇವತ್ತು ಆ್ಯಪ್‌ಗಳಲ್ಲೆಲ್ಲ ಇದೆ. ಕ್ಯಾಬ್ ಚಾಲಕರು ಕೇಳುವುದೂ ಇದೇ ಪ್ರಶ್ನೆ: ಲೆಕ್ಕ ಎಲ್ಲಿ?

ಹೊಸ ಸಂಸ್ಥೆ ಕಟ್ಟುವವರೆಗೆ ಕಾಯಬೇಕಿಲ್ಲ. ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ‘ಡಾರ್ಕ್ ಪ್ಯಾಟರ್ನ್’ಗಳ ವಿರುದ್ಧ ಮಾರ್ಗಸೂಚಿ ತಂದಿತು. ಹಾಗೆಯೇ ಇದಕ್ಕೂ ತರಲಿ. ಕರಾರು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿರುವುದರಿಂದ ಕರ್ನಾಟಕ ಕೂಡ ಸುಮ್ಮನೆ ಕೂರಬೇಕಿಲ್ಲ. ಬೇಕಾದದ್ದು ಐದೇ ನಿಯಮ: 14 ದಿನ ಹಿಂದೆ ಸರಿಯುವ ಹಕ್ಕು, ಅಲ್ಲಿಯವರೆಗೆ ಹಣ ಪಡೆಯದಿರುವುದು, ಪೂರ್ತಿ ಅವಧಿಯ ಒಟ್ಟು ಖರ್ಚು ಕರಾರಿನ ಮೊದಲ ಪುಟದಲ್ಲಿ, ಡೆಪಾಸಿಟ್ ಆದ ವಾರಗಳಲ್ಲಿ ಎಷ್ಟು ಸದಸ್ಯರಿಗೆ, ಎಷ್ಟು ಹೊರಗಿನ ಬಾಡಿಗೆಗೆ ಹೋದವು ಎಂಬ ವಾರ್ಷಿಕ ಲೆಕ್ಕ, ಬದಲಿ ಖಚಿತವಾಗುವವರೆಗೆ ಸ್ವಂತ ವಾರ ಉಳಿಸಿಕೊಳ್ಳುವ ಆಯ್ಕೆ.

ಅಲ್ಲಿಯವರೆಗೆ ನಿಮ್ಮ ಅಪ್ಪ-ಅಮ್ಮನಿಗೋ ಅಕ್ಕ-ಭಾವನಿಗೋ ‘ಗಿಫ್ಟ್’ ಫೋನ್ ಬಂದರೆ ಜೊತೆಗೆ ಹೋಗಿ. ಸ್ವಿಟ್ಜರ್‌ಲೆಂಡ್ ಮಾತು ಬಂದಾಗ ಒಂದೇ ಪ್ರಶ್ನೆ ಕೇಳಿ: ಕಳೆದ ಮೇ ತಿಂಗಳಲ್ಲಿ ಎಷ್ಟು ಸದಸ್ಯರು ಎಕ್ಸ್‌ಚೇಂಜ್ ಕೇಳಿದರು, ಎಷ್ಟು ಜನರಿಗೆ ಸಿಕ್ಕಿತು? ಉತ್ತರ ಬರವಣಿಗೆಯಲ್ಲಿ ಕೊಡಿ ಅನ್ನಿ. ಅದು ಸಿಗುವವರೆಗೆ ಕಾರ್ಡ್ ಹೊರಗೆ ತೆಗೆಯಬೇಡಿ.